ಕಾನೂನು ಪ್ರಶ್ನೋತ್ತರ: ಆಶ್ರಯ ನಿರಾಕರಣೆಯ ಪತ್ರ ಕೈಗೆ ಬಂದ ಮೇಲೆ

ಕಳೆದ ಎರಡು ತಿಂಗಳಲ್ಲಿ ಈ ಅಂಕಣಕ್ಕೆ ಬಂದ ಪತ್ರಗಳಲ್ಲಿ ನಾಲ್ಕು ಒಂದೇ ವಿಷಯದವು. ಬ್ರಿಟನ್ನಿನಲ್ಲಿ ಆಶ್ರಯ ಕೋರಿದ ಮನೆಯವರ ಅರ್ಜಿ ತಿರಸ್ಕೃತವಾದರೆ ಅಲ್ಲಿನ ವಲಸೆ ನ್ಯಾಯಮಂಡಳಿಯಲ್ಲಿ ಮೇಲ್ಮನವಿ ಹೇಗೆ ನಡೆಯುತ್ತದೆ, ಬೆಂಗಳೂರಿನಲ್ಲಿರುವ ಬಂಧುಗಳು ಅದಕ್ಕೆ ಏನು ಮಾಡಬಹುದು ಎಂಬುದು ಎಲ್ಲರ ಪ್ರಶ್ನೆ. ನಾನು ಇಲ್ಲಿನ ನ್ಯಾಯಾಲಯಗಳಲ್ಲಿ ವಕೀಲಿ ಮಾಡುವವಳು. ಅಲ್ಲಿ ವಾದಿಸುವ ಅಧಿಕಾರ ನನಗಿಲ್ಲ. ಆದರೆ ಇಲ್ಲಿಂದ ದಾಖಲೆ ಹೊಂದಿಸಿ ಕಳುಹಿಸುವ ಕುಟುಂಬಗಳೊಂದಿಗೆ ಕೆಲವು ಸಲ ಕೂತಿದ್ದೇನೆ. ಕೆಳಗಿನದು ಸಾಮಾನ್ಯ ತಿಳಿವಳಿಕೆ. ಪ್ರಕರಣದ ವಿವರಕ್ಕೆ ಅಲ್ಲಿನ ವಕೀಲರ ಮಾತೇ ಅಂತಿಮ.

ಪ್ರಶ್ನೆ: ನನ್ನ ಮಗ ಬೆಂಗಳೂರಿನಲ್ಲಿ ಬೇರೆ ಜಾತಿಯ ಹುಡುಗಿಯನ್ನು ರಿಜಿಸ್ಟರ್ ಮದುವೆಯಾದ. ಹುಡುಗಿಯ ಕಡೆಯವರು ಎರಡು ಸಲ ಮನೆಗೆ ನುಗ್ಗಿ ಹೊಡೆದರು. 2022ರ ಸೆಪ್ಟೆಂಬರಿನಲ್ಲಿ ಅವನು ಓದಲು ಬರ್ಮಿಂಗ್‌ಹ್ಯಾಮಿಗೆ ಹೋದ, ಸೊಸೆಯೂ ಜೊತೆಗೆ ಹೋದಳು. ವೀಸಾ ಮುಗಿಯುವ ಮುನ್ನ ಇಬ್ಬರಿಗೂ ಆಶ್ರಯ ಕೇಳಿದ. ಈಗ ನಿರಾಕರಣೆಯ ಪತ್ರ ಬಂದಿದೆ. ಭಾರತದ ಪೊಲೀಸರು ರಕ್ಷಣೆ ಕೊಡಬಲ್ಲರು, ಬೇರೆ ಊರಿನಲ್ಲಿ ಬದುಕಬಹುದು, ಬಂದ ಕೂಡಲೇ ಯಾಕೆ ಕೇಳಲಿಲ್ಲ ಎಂದು ಬರೆದಿದ್ದಾರೆ. ಮೇಲ್ಮನವಿಯ ಹಕ್ಕಿದೆ ಎಂದೂ ಇದೆ. ಮುಂದೇನು? — ಒಬ್ಬ ತಾಯಿ, ರಾಜಾಜಿನಗರ

ಉತ್ತರ: ತಾಯಿ, ಪತ್ರದ ಕೊನೆಯಲ್ಲಿ ಮೇಲ್ಮನವಿಯ ಹಕ್ಕಿದೆ ಎಂದು ಬರೆದಿರುವುದೇ ತಮ್ಮ ಪಾಲಿನ ಮೊದಲ ಸಮಾಧಾನ. ಬ್ರಿಟನ್ನಿನ 2002ರ ರಾಷ್ಟ್ರೀಯತೆ, ವಲಸೆ ಮತ್ತು ಆಶ್ರಯ ಕಾಯ್ದೆಯ 94ನೇ ಕಲಮಿನಲ್ಲಿ ಸಾಮಾನ್ಯವಾಗಿ ಸುರಕ್ಷಿತವೆಂದು ಪರಿಗಣಿಸುವ ದೇಶಗಳ ಪಟ್ಟಿಯೊಂದಿದ್ದು, ಭಾರತ 2005ರಿಂದ ಅದರಲ್ಲಿದೆ. ಹಾಗಾಗಿ ಭಾರತೀಯರ ಎಷ್ಟೋ ಅರ್ಜಿಗಳನ್ನು ಮೇಲ್ನೋಟಕ್ಕೇ ಆಧಾರರಹಿತ ಎಂದು ಪ್ರಮಾಣೀಕರಿಸಿ, ನ್ಯಾಯಮಂಡಳಿಯ ಬಾಗಿಲನ್ನೇ ಮುಚ್ಚಿಬಿಡುವ ಅವಕಾಶ ಗೃಹ ಇಲಾಖೆಗೆ, ಅಂದರೆ ಹೋಮ್ ಆಫೀಸಿಗೆ ಇದೆ. ಆಗ ಉಳಿಯುವುದು ಉನ್ನತ ಮಟ್ಟದ ನ್ಯಾಯಿಕ ಪರಿಶೀಲನೆಯ ಕಷ್ಟದ ದಾರಿ ಮಾತ್ರ. ತಮ್ಮ ಮಗನ ಅರ್ಜಿಯನ್ನು ಹಾಗೆ ತಳ್ಳಿಹಾಕಿಲ್ಲ.

ಎರಡನೆಯದಾಗಿ ದಿನಾಂಕ ನೋಡಿ. ಬ್ರಿಟನ್ನಿನೊಳಗೆ ಇರುವವರು ನಿರ್ಧಾರದ ಪತ್ರವನ್ನು ಕಳುಹಿಸಿದ ದಿನದಿಂದ 14 ದಿನಗಳೊಳಗೆ ಮೇಲ್ಮನವಿ ಸಲ್ಲಿಸಬೇಕು. ಪತ್ರವನ್ನು ಓದಿದ ದಿನದಿಂದ ಲೆಕ್ಕವಲ್ಲ, ಕಳುಹಿಸಿದ ದಿನದಿಂದ. ಶನಿವಾರ, ಭಾನುವಾರಗಳೂ ಎಣಿಕೆಗೆ ಸೇರುತ್ತವೆ. ಗಡುವು ಮೀರಿದ್ದರೂ ತಡವಾದುದಕ್ಕೆ ಕಾರಣ ಕೊಟ್ಟು ಸಮಯ ವಿಸ್ತರಣೆ ಕೇಳಬಹುದು, ಆದರೆ ಅದನ್ನು ಕೊಡುವುದು ನ್ಯಾಯಾಧೀಶರ ವಿವೇಚನೆ. ಆದ್ದರಿಂದ ಈ ಉತ್ತರವನ್ನು ಪೂರ್ತಿ ಓದುವ ಮುನ್ನವೇ ಮಗನಿಗೆ ಫೋನ್ ಮಾಡಿ, ಅರ್ಜಿ ಸಲ್ಲಿಸಿದ್ದಾನೆಯೇ ಎಂದು ಕೇಳಿ.

ಅರ್ಜಿ ಹಾಕುವವರು ಯಾರೆಂಬುದು ಮುಖ್ಯ. ಆ ದೇಶದಲ್ಲಿ ವಲಸೆ ಸಲಹೆಯನ್ನು ವೃತ್ತಿಯಾಗಿ ಕೊಡಲು ಒಂದೋ ಸಾಲಿಸಿಟರ್ ಅಥವಾ ಬ್ಯಾರಿಸ್ಟರ್ ಆಗಿರಬೇಕು, ಇಲ್ಲವೇ ಇಮಿಗ್ರೇಷನ್ ಅಡ್ವೈಸ್ ಅಥಾರಿಟಿಯಲ್ಲಿ ನೋಂದಾಯಿಸಿಕೊಂಡಿರಬೇಕು. ನೋಂದಣಿ ಇಲ್ಲದೆ ಸಲಹೆ ಕೊಡುವುದು ಅಪರಾಧ. ಆದಾಯ ಕಡಿಮೆ ಇರುವವರಿಗೆ ಆಶ್ರಯದ ಪ್ರಕರಣಗಳಲ್ಲಿ ಸರ್ಕಾರಿ ಕಾನೂನು ನೆರವು ಸಿಗುತ್ತದೆ. ಆ ನೆರವಿನಲ್ಲಿರುವವರಿಗೂ ಆಶ್ರಯಾರ್ಥಿಗಳ ಸರ್ಕಾರಿ ಜೀವನಾಧಾರ ಪಡೆಯುತ್ತಿರುವವರಿಗೂ ಮೇಲ್ಮನವಿಯ ಶುಲ್ಕವಿಲ್ಲ. ಗಡುವಿನೊಳಗೆ ಸಲ್ಲಿಸಿದರೆ ಮೇಲ್ಮನವಿ ಮುಗಿಯುವವರೆಗೆ ವಸತಿ ಮತ್ತು ಜೀವನಾಧಾರ ಮುಂದುವರಿಯುತ್ತದೆ.

ಮೇಲ್ಮನವಿ ಹೋಗುವುದು ಫಸ್ಟ್ ಟಿಯರ್ ಟ್ರಿಬ್ಯೂನಲ್ಲಿನ ವಲಸೆ ಮತ್ತು ಆಶ್ರಯ ವಿಭಾಗಕ್ಕೆ. ಅಲ್ಲಿ ಎತ್ತಬಹುದಾದ ಆಧಾರಗಳು ಕೆಲವೇ: ವಾಪಸು ಕಳುಹಿಸಿದರೆ 1951ರ ನಿರಾಶ್ರಿತರ ಒಡಂಬಡಿಕೆಯ ಹೊಣೆ ಮುರಿದಂತಾಗುತ್ತದೆ, ಮಾನವೀಯ ರಕ್ಷಣೆಯ (ನಿರಾಶ್ರಿತರೆನಿಸದಿದ್ದರೂ ಗಂಭೀರ ಹಾನಿಯ ಅಪಾಯವಿರುವವರಿಗೆ ಕೊಡುವ ರಕ್ಷಣೆ) ಹೊಣೆ ಮುರಿದಂತಾಗುತ್ತದೆ, ಅಥವಾ ಮಾನವ ಹಕ್ಕುಗಳ ಕಾಯ್ದೆಗೆ ವಿರುದ್ಧವಾಗುತ್ತದೆ. ಅರ್ಜಿಯ ಬೆನ್ನಿಗೆ ಹೋಮ್ ಆಫೀಸ್ ತನ್ನ ಕಡತವನ್ನು ಸಲ್ಲಿಸುತ್ತದೆ. ಸಂದರ್ಶನದ ಪ್ರತಿಯೂ ನಿರಾಕರಣೆಯ ಪತ್ರವೂ ಅದರಲ್ಲಿರುತ್ತವೆ. ಬಳಿಕ ಮಗನ ವಕೀಲರು ಸಾಕ್ಷ್ಯಗಳ ಕಟ್ಟನ್ನು ಪುಟಸಂಖ್ಯೆ, ಪರಿವಿಡಿ ಸಮೇತ ಸಲ್ಲಿಸಿ, ವಾದದ ಸಾರಾಂಶವನ್ನು ಬರೆದುಕೊಡುತ್ತಾರೆ. ಅದನ್ನು ಓದಿ ಹೋಮ್ ಆಫೀಸ್ ತನ್ನ ನಿರ್ಧಾರವನ್ನು ಮರುಪರಿಶೀಲಿಸಲೇಬೇಕು. ವಾದ ಗಟ್ಟಿಯಾಗಿದ್ದರೆ ಈ ಹಂತದಲ್ಲಿಯೇ ಅದು ನಿರ್ಧಾರವನ್ನು ಹಿಂತೆಗೆದುಕೊಳ್ಳಬಹುದು, ಆಗ ವಿಚಾರಣೆಯವರೆಗೆ ಹೋಗಬೇಕಾಗುವುದಿಲ್ಲ. ದಾಖಲೆಗಳನ್ನು ವಿಚಾರಣೆಯ ಹಿಂದಿನ ವಾರಕ್ಕೆಂದು ಇಟ್ಟುಕೊಳ್ಳಬಾರದು ಎನ್ನುವುದು ಇದಕ್ಕೇ.

ಇಷ್ಟೆಲ್ಲದರ ನಡುವೆ ಪ್ರಕರಣ ನಿಲ್ಲುವುದು ಅಥವಾ ಬೀಳುವುದು ಮಗನ ಸಾಕ್ಷಿ ಹೇಳಿಕೆಯ ಮೇಲೆ. ನಿರಾಕರಣೆಯ ಪತ್ರವನ್ನು ಮುಂದಿಟ್ಟುಕೊಂಡು, ಅದರ ಪ್ರತಿ ಪ್ಯಾರಾಗೆ ಹೇಳಿಕೆಯಲ್ಲಿ ಉತ್ತರವಿರಬೇಕು. 2022ರ ಜೂನ್ 28ರಿಂದ ಈಚೆಗೆ ಕೋರಿದ ಆಶ್ರಯಗಳಿಗೆ ಎರಡು ಅಳತೆಗೋಲುಗಳಿವೆ. ಹಿಂದೆ ನಡೆದದ್ದು ನಿಜ, ಭಯ ನಿಜ ಎಂಬುದನ್ನು ಸಿವಿಲ್ ದಾವೆಗಳಲ್ಲಿರುವಂತೆ ಸುಳ್ಳಿಗಿಂತ ನಿಜವಾಗಿರುವ ಸಂಭವವೇ ಹೆಚ್ಚು ಎನ್ನುವ ಮಟ್ಟಕ್ಕೆ ತೋರಿಸಬೇಕು; ವಾಪಸು ಹೋದರೆ ಮುಂದೆ ಅಪಾಯವಾದೀತು ಎಂಬುದಕ್ಕೆ ಅದಕ್ಕಿಂತ ಹಗುರವಾದ, ನ್ಯಾಯಸಮ್ಮತ ಸಂಭವನೀಯತೆಯ ಮಟ್ಟ ಸಾಕು.

ಪೊಲೀಸ್ ರಕ್ಷಣೆಯ ಪ್ರಶ್ನೆಗೆ ಬಂದರೆ, ಅಂತರ್ಜಾತಿ ದಂಪತಿಗಳ ರಕ್ಷಣೆಗೆ ವಿಶೇಷ ಘಟಕ, ಸುರಕ್ಷಿತ ವಸತಿ ಬೇಕೆಂದು ನಮ್ಮ ಸುಪ್ರೀಂ ಕೋರ್ಟು 2018ರಲ್ಲಿ ಶಕ್ತಿ ವಾಹಿನಿ ಪ್ರಕರಣದಲ್ಲಿ ಆದೇಶಿಸಿದ್ದನ್ನು ಎದುರು ಕಡೆಯವರು ಎತ್ತಬಹುದು. ಆದೇಶ ಇದೆ ಎಂಬುದು ಒಂದು. ಹಲ್ಲೆಯಾದಾಗ ಠಾಣೆಗೆ ಹೋಗಿದ್ದರೆ ಅಲ್ಲಿ ಏನಾಯಿತು ಎಂಬುದು ಇನ್ನೊಂದು. ಯಾವ ಠಾಣೆ, ಯಾವ ದಿನ, ಯಾರು ಮಾತಾಡಿದರು, ದೂರು ಬರೆದುಕೊಂಡರೇ, ರಾಜಿ ಮಾಡಿಕೊಳ್ಳಿ ಎಂದು ಕಳುಹಿಸಿದರೇ, ಇದೆಲ್ಲ ಹೇಳಿಕೆಯಲ್ಲಿ ಬರಲಿ. ಬೇರೆ ಊರಿನ ವಿಷಯದಲ್ಲಿ, ಆಗ ಬ್ರಿಟನ್ನಿನ ಅತ್ಯುನ್ನತ ನ್ಯಾಯಾಲಯವೂ ಆಗಿದ್ದ ಹೌಸ್ ಆಫ್ ಲಾರ್ಡ್ಸ್ 2006ರ ಜಾನುಜಿ ತೀರ್ಪಿನಲ್ಲಿ ಕೇಳಿದ ಪ್ರಶ್ನೆ ಇಷ್ಟು: ಅಲ್ಲಿ ಹೋಗಿ ನೆಲೆಸು ಎನ್ನುವುದು ಈ ವ್ಯಕ್ತಿಯ ಮಟ್ಟಿಗೆ ಅತಿ ಕಠಿಣವಾಗುತ್ತದೆಯೇ? ಭಾರತೀಯರ ಹೆಚ್ಚಿನ ಮೇಲ್ಮನವಿಗಳು ಸೋಲುವುದು ಈ ಜಾಗದಲ್ಲೇ ಎಂಬುದು ನನ್ನ ಅನುಭವ. ಹುಡುಗಿಯ ಕಡೆಯವರು ಪ್ರಭಾವಿಗಳು ಎಂದು ಬರೆದರೆ ಏನೂ ಹೇಳಿದಂತಾಗುವುದಿಲ್ಲ. ದಂಪತಿ ಮೈಸೂರಿನಲ್ಲೋ ಹುಬ್ಬಳ್ಳಿಯಲ್ಲೋ ಬಾಡಿಗೆಗೆ ಇದ್ದಾಗ ಅವರನ್ನು ಹುಡುಕಿಕೊಂಡು ಬಂದಿದ್ದರೇ, ಹೇಗೆ ಪತ್ತೆ ಹಚ್ಚಿದರು, ಇಂದಿಗೂ ತಮ್ಮ ಮನೆಗೆ ಬಂದು ವಿಚಾರಿಸುತ್ತಾರೆಯೇ ಎಂಬುದು ತೂಕದ ಮಾತು. ತಡವಾಗಿ ಕೇಳಿದ್ದು ಬ್ರಿಟನ್ನಿನ 2004ರ ಆಶ್ರಯ ಮತ್ತು ವಲಸೆ ಕಾಯ್ದೆಯ 8ನೇ ಕಲಮಿನಡಿ ನಂಬಿಕೆಗೆ ಕುಂದು ತರುವ ಅಂಶ. ಆದರೆ ಅದೊಂದೇ ಪ್ರಕರಣವನ್ನು ಮುಗಿಸುವುದಿಲ್ಲ. ವಿದ್ಯಾರ್ಥಿ ವೀಸಾ ಇದ್ದುದರಿಂದ ವಾಪಸು ಹೋಗಬೇಕಾದ ಭಯ ಇನ್ನೂ ಎದುರಾಗಿರಲಿಲ್ಲ ಎಂಬುದೇ ನಿಜವಾದ ಕಾರಣವಾಗಿದ್ದರೆ ಅದನ್ನೇ ನೇರವಾಗಿ ಹೇಳಬೇಕು.

ಇನ್ನೊಂದು ಸಂಗತಿ ಕನ್ನಡಿಗರಿಗೆ ವಿಶೇಷವಾಗಿ ಅನ್ವಯಿಸುವಂಥದು. ಸಂದರ್ಶನದಲ್ಲಿ ದುಭಾಷಿಯ ಮೂಲಕ ಹೋದ ಮಾತು ಅಲ್ಲಿನ ಕಡತದಲ್ಲಿ ಬೇರೆ ರೂಪ ತಾಳುತ್ತದೆ. ದೊಡ್ಡಪ್ಪನ ಮಗನನ್ನು ನಾವು ‘ಅಣ್ಣ’ ಎನ್ನುತ್ತೇವೆ. ಅದು ಒಡಹುಟ್ಟಿದವನಾಗಿ ದಾಖಲಾಗಿ, ‘ನಿನಗೆ ತಂಗಿ ಮಾತ್ರ ಇದ್ದಾಳೆ ಎಂದು ಅರ್ಜಿಯಲ್ಲಿ ಬರೆದಿದ್ದೀಯಲ್ಲ’ ಎಂಬ ಆಕ್ಷೇಪವಾಗಿ ನಿರಾಕರಣೆಯ ಪತ್ರದಲ್ಲಿ ಬರುತ್ತದೆ. ‘ಮಾವ’ ಎಂದರೆ ಹೆಂಡತಿಯ ತಂದೆಯೋ ತಾಯಿಯ ತಮ್ಮನೋ ಎಂಬುದು ನಮಗೆ ಸಂದರ್ಭದಿಂದ ತಿಳಿಯುತ್ತದೆ, ಕಡತಕ್ಕೆ ತಿಳಿಯುವುದಿಲ್ಲ. ಎಲ್ಲಕ್ಕಿಂತ ಅಪಾಯದ್ದು ‘ಹೌದು’. ‘ನೀವು ಪೊಲೀಸರ ಹತ್ತಿರ ಹೋಗಲಿಲ್ಲವೇ?’ ಎಂದು ಕೇಳಿದರೆ ನಾವು ‘ಹೌದು’ ಎನ್ನುವುದು, ಹೋಗಲಿಲ್ಲ ಎಂಬ ಮಾತನ್ನು ಒಪ್ಪಿಕೊಳ್ಳಲು. ಇಂಗ್ಲಿಷಿನಲ್ಲಿ ಅದು ‘ಹೋಗಿದ್ದೆ’ ಎಂದಾಗುತ್ತದೆ. ಸಂದರ್ಶನದ ಧ್ವನಿಮುದ್ರಣವನ್ನು ಮಗ ಮತ್ತೊಮ್ಮೆ ಕೇಳಿ, ಬರಹದ ಪ್ರತಿಯೊಂದಿಗೆ ಹೋಲಿಸಿ, ಇಂಥ ತಪ್ಪುಗಳನ್ನು ಪ್ರಶ್ನೆಯ ಸಂಖ್ಯೆ ಸಮೇತ ಹೇಳಿಕೆಯಲ್ಲಿ ತಿದ್ದಲಿ. ನ್ಯಾಯಮಂಡಳಿಯ ಮುಂದೆ ಪೂರ್ಣ ವಾಕ್ಯದಲ್ಲೇ ಉತ್ತರಿಸಲಿ: ‘ಹೋಗಲಿಲ್ಲ’, ‘ಹೋಗಿದ್ದೆ’.

ಸೊಸೆಯೂ ಪ್ರತ್ಯೇಕ ಹೇಳಿಕೆ ಕೊಡಬೇಕು. ಅಪಾಯ ಬಂದಿರುವುದು ಅವಳ ತವರಿನಿಂದ. ಅವಳು ಸುಮ್ಮನಿದ್ದರೆ ಯಾಕೆ ಎಂಬ ಪ್ರಶ್ನೆ ಏಳುತ್ತದೆ. ಅವಳದೇ ಆದ ಕೋರಿಕೆ ಇರಬಹುದೇ ಎಂಬುದನ್ನೂ ವಕೀಲರ ಬಳಿ ಕೇಳಲಿ.

ವಿಚಾರಣೆಯ ಕೊಠಡಿ ನಮ್ಮ ಸಿಟಿ ಸಿವಿಲ್ ಕೋರ್ಟಿನಂತೆ ಗಿಜಿಗುಡುವುದಿಲ್ಲ. ಒಬ್ಬ ನ್ಯಾಯಾಧೀಶರು, ಹೋಮ್ ಆಫೀಸಿನ ಪ್ರತಿನಿಧಿ, ಮಗನ ವಕೀಲರು, ನ್ಯಾಯಮಂಡಳಿಯೇ ಉಚಿತವಾಗಿ ಒದಗಿಸುವ ದುಭಾಷಿ, ಅಷ್ಟೇ. ದುಭಾಷಿಯ ಮಾತು ಅರ್ಥವಾಗುತ್ತಿದೆಯೇ ಎಂದು ಆರಂಭದಲ್ಲೇ ಕೇಳುತ್ತಾರೆ. ಆಗಲೇ ಹೇಳಬೇಕು, ಆಮೇಲೆ ದೂರಿ ಪ್ರಯೋಜನವಿಲ್ಲ. ಲಿಖಿತ ಹೇಳಿಕೆಯನ್ನೇ ಮುಖ್ಯ ವಿಚಾರಣೆ ಎಂದು ಒಪ್ಪಿಕೊಳ್ಳುವುದರಿಂದ ಬೇಗನೆ ಪಾಟೀಸವಾಲು ಶುರುವಾಗುತ್ತದೆ. ಅದಾದ ಮೇಲೆ ತನ್ನ ವಕೀಲರ ಮರುವಿಚಾರಣೆ, ಬಳಿಕ ಮೊದಲು ಹೋಮ್ ಆಫೀಸಿನ ವಾದ, ಕೊನೆಗೆ ಮಗನ ಕಡೆಯ ವಾದ. ನೆನಪಿಲ್ಲದ ದಿನಾಂಕಕ್ಕೆ ‘ನೆನಪಿಲ್ಲ’ ಎನ್ನುವುದು ತಪ್ಪಲ್ಲ; ಊಹಿಸಿ ಹೇಳಿದ ದಿನಾಂಕ ಹೇಳಿಕೆಗೆ ಹೊಂದದಿದ್ದರೆ ಅದು ತಪ್ಪು. ತೀರ್ಪು ಸಾಮಾನ್ಯವಾಗಿ ಅದೇ ದಿನ ಬರುವುದಿಲ್ಲ, ಕಾರಣಗಳ ಸಮೇತ ಲಿಖಿತವಾಗಿ ಬರುತ್ತದೆ.

ಸೋತರೆ ಮೇಲಿನ ಹಂತದ ನ್ಯಾಯಮಂಡಳಿಯಾದ ಅಪ್ಪರ್ ಟ್ರಿಬ್ಯೂನಲ್ಲಿಗೆ ಹೋಗಲು ಮೊದಲು ಅದೇ ನ್ಯಾಯಮಂಡಳಿಯ ಅನುಮತಿಯನ್ನು 14 ದಿನಗಳೊಳಗೆ ಕೇಳಬೇಕು. ಅಲ್ಲಿ ನಿರಾಕರಿಸಿದರೆ ಅಪ್ಪರ್ ಟ್ರಿಬ್ಯೂನಲ್ಲನ್ನೇ ಕೇಳಬಹುದು. ತೀರ್ಪಿನಲ್ಲಿ ಕಾನೂನಿನ ತಪ್ಪಿದೆ ಎಂದು ತೋರಿಸಬೇಕೇ ಹೊರತು ಕಥೆಯನ್ನು ಮತ್ತೆ ಹೇಳುವಂತಿಲ್ಲ. ಗೆದ್ದರೆ ಹೋಮ್ ಆಫೀಸಿಗೂ ಇದೇ ಹಕ್ಕಿದೆ, ಆದ್ದರಿಂದ ಆ ಅವಧಿ ದಾಟುವವರೆಗೆ ಸಂಭ್ರಮ ಬೇಡ.

ಪ್ರಶ್ನೆ: ಮಗನ ಮೇಲೆ ಹಲ್ಲೆಯಾದಾಗ ಠಾಣೆಯಲ್ಲಿ ಎಫ್‌ಐಆರ್ ಮಾಡಲಿಲ್ಲ, ಒಂದು ಹಿಂಬರಹ ಕೊಟ್ಟು ಕಳುಹಿಸಿದರು. ಈಗ ಒಬ್ಬರು, ದುಡ್ಡು ಕೊಟ್ಟರೆ ಹಳೆಯ ತಾರೀಖಿನ ಎಫ್‌ಐಆರ್ ಪ್ರತಿ, ಪತ್ರಿಕೆಯಲ್ಲಿ ಬಂದ ಸುದ್ದಿಯ ತುಣುಕು ಎರಡನ್ನೂ ಮಾಡಿಸಿಕೊಡುತ್ತೇನೆ ಎನ್ನುತ್ತಿದ್ದಾರೆ. ಕಳುಹಿಸಲೇ? — ಒಬ್ಬ ತಂದೆ, ಕೆಂಗೇರಿ

ಉತ್ತರ: ದಯವಿಟ್ಟು ಬೇಡ. ತಮ್ಮ ಕೈಯಲ್ಲಿರುವ ಆ ಹಿಂಬರಹ ಎಷ್ಟು ಬೆಲೆಯುಳ್ಳದ್ದು ಎಂದು ತಮಗೆ ಯಾರೂ ಹೇಳಿಲ್ಲ ಎಂದು ಕಾಣುತ್ತದೆ. ತಾವು ಠಾಣೆಗೆ ಹೋಗಿದ್ದಿರಿ, ಅವರು ಮೊಕದ್ದಮೆ ದಾಖಲಿಸಲಿಲ್ಲ ಎಂಬುದಕ್ಕೆ ಠಾಣೆಯ ಮೊಹರಿನ ಸಾಕ್ಷಿ ಅದು. ಪೊಲೀಸರು ರಕ್ಷಣೆ ಕೊಡಬಲ್ಲರು ಎಂಬ ವಾದಕ್ಕೆ ಅದಕ್ಕಿಂತ ನೇರ ಉತ್ತರ ಇನ್ನಾವುದಿದೆ? ಅದರ ಪಕ್ಕದಲ್ಲಿ ಸುಳ್ಳು ಎಫ್‌ಐಆರ್ ಇಟ್ಟರೆ ಎರಡೂ ಒಂದನ್ನೊಂದು ಕೊಲ್ಲುತ್ತವೆ. 2016ರ ಸುಪ್ರೀಂ ಕೋರ್ಟಿನ ಆದೇಶದ ನಂತರ, ಸೂಕ್ಷ್ಮ ಪ್ರಕರಣಗಳನ್ನು ಬಿಟ್ಟು, ಎಫ್‌ಐಆರ್‌ಗಳನ್ನು ಪೊಲೀಸ್ ಜಾಲತಾಣದಲ್ಲಿ ಹಾಕಬೇಕು. ಅಪರಾಧ ಸಂಖ್ಯೆ ಹಾಕಿ ಹುಡುಕುವುದು ಲಂಡನ್ನಿನಲ್ಲಿ ಕೂತ ಅಧಿಕಾರಿಗೂ ಕಷ್ಟವಲ್ಲ. ಒಂದು ಕಾಗದ ಸುಳ್ಳೆಂದು ಕಂಡರೆ ಉಳಿದ ನಿಜವೂ ನಂಬಿಕೆ ಕಳೆದುಕೊಳ್ಳುತ್ತದೆ. ನನ್ನ ಬಳಿ ಬಂದಿದ್ದ ಒಂದು ಕುಟುಂಬದಲ್ಲಿ ಹಲ್ಲೆ ನಿಜ, ಗಾಯ ನಿಜ, ಆಸ್ಪತ್ರೆಯ ಚೀಟಿ ನಿಜ. ಯಾರದೋ ಮಾತು ಕೇಳಿ ಸೇರಿಸಿದ ಒಂದೇ ಒಂದು ಪತ್ರಿಕಾ ತುಣುಕಿನಿಂದ ಆ ಹುಡುಗನ ಪ್ರಕರಣ ಬಿದ್ದುಹೋಯಿತು. ಅದನ್ನು ನೆನೆದರೆ ಈಗಲೂ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ದಾಖಲೆಯನ್ನು ನಂಬಬಹುದೇ ಎಂಬುದನ್ನು ತೋರಿಸುವ ಹೊಣೆ ಅದನ್ನು ಹಾಜರುಪಡಿಸಿದವರದು. ಒಟ್ಟು ಸಾಕ್ಷ್ಯದ ನಡುವೆ ಇಟ್ಟು ಅದನ್ನು ತೂಗಬೇಕು ಎಂದು ಬ್ರಿಟನ್ನಿನ ವಲಸೆ ನ್ಯಾಯಮಂಡಳಿಯ 2002ರ ತನ್ವೀರ್ ಅಹ್ಮದ್ ತೀರ್ಪು ಹೇಳುತ್ತದೆ. ಹಾಗಾಗಿ ಕಾಗದದ ಜೊತೆಗೆ ಅದರ ಹಾದಿಯೂ ಹೋಗಬೇಕು: ಯಾರು, ಯಾವಾಗ, ಎಲ್ಲಿಂದ ಪಡೆದರು, ಹೇಗೆ ಕಳುಹಿಸಿದರು. ಕೊರಿಯರ್ ಲಕೋಟೆಯನ್ನು ಎಸೆಯದಂತೆ ಮಗನಿಗೆ ಹೇಳಿ. ಹಲ್ಲೆಯ ದಿನದ ಆಸ್ಪತ್ರೆಯ ಗಾಯದ ಪ್ರಮಾಣಪತ್ರ ಅಥವಾ ಡಿಸ್ಚಾರ್ಜ್ ಸಾರಾಂಶ ಇದ್ದರೆ ಹುಡುಕಿ. ವಿಶೇಷ ವಿವಾಹ ಕಾಯ್ದೆಯಡಿ ಮದುವೆಯಾಗಿದ್ದರೆ, 30 ದಿನಗಳ ಆಕ್ಷೇಪಣೆಯ ಅವಧಿಗೆಂದು ವಿವಾಹಾಧಿಕಾರಿಯ ಕಚೇರಿಯಲ್ಲಿ ಅಂಟಿಸುವ ನೋಟಿಸಿನ ಪ್ರತಿಯನ್ನೂ ಕೇಳಿ ಪಡೆಯಿರಿ. ಹುಡುಗಿಯ ಮನೆಯವರಿಗೆ ವಿಷಯ ಹೇಗೆ ತಿಳಿಯಿತು ಎಂಬುದಕ್ಕೆ ಅದು ಉತ್ತರವಾಗಬಹುದು.

ಕನ್ನಡದ ಪ್ರತಿ ಕಾಗದಕ್ಕೂ ಇಂಗ್ಲಿಷ್ ಅನುವಾದ ಕಡ್ಡಾಯ, ಅನುವಾದಕರ ಹೆಸರು, ಸಹಿ, ದಿನಾಂಕದೊಂದಿಗೆ. ನಮ್ಮ ದಾಖಲೆಗಳ ರೂಢಿಯನ್ನು ಬಲ್ಲವರಿಂದಲೇ ಮಾಡಿಸಿ. ‘ಮಂಜುನಾಥ ಬಿನ್ ಸಿದ್ದಪ್ಪ’ ಎಂದಿರುವುದನ್ನು ಹಾಗೆಯೇ ಇಂಗ್ಲಿಷ್ ಲಿಪಿಗೆ ಇಳಿಸಿದರೆ ‘ಬಿನ್’ ಎಂಬುದು ಹೆಸರಿನ ಭಾಗವಾಗಿಬಿಡುತ್ತದೆ. ‘ಕೋಂ’ ಎಂದರೆ ಯಾರದೋ ಹೆಂಡತಿ ಎಂದು ಅಲ್ಲಿ ಯಾರಿಗೂ ಗೊತ್ತಿರುವುದಿಲ್ಲ. ಪಾಸ್‌ಪೋರ್ಟಿನಲ್ಲಿ ಇನಿಶಿಯಲ್ ಬಿಡಿಸಿ ಬರೆದು, ಠಾಣೆಯ ಕಾಗದದಲ್ಲಿ ಇನಿಶಿಯಲ್ ಮಾತ್ರ ಇದ್ದರೆ, ಎರಡೂ ಒಬ್ಬನದೇ ಹೆಸರು ಎಂದು ತಮ್ಮ ಹೇಳಿಕೆಯಲ್ಲಿ ಒಂದು ಸಾಲು ಬರೆಯಿರಿ.

ಪ್ರಶ್ನೆ: ಓದು ಮುಗಿದ ಮೇಲೆ ಕೆಲಸ ಸಿಗದಿದ್ದರೆ ಅಸೈಲಂ ಹಾಕು, ಕೇಸ್ ಮುಗಿಯುವವರೆಗೆ ಆರಾಮಾಗಿ ದುಡಿಯಬಹುದು ಎಂದು ಏಜೆಂಟ್ ಹೇಳುತ್ತಿದ್ದಾರೆ. ನಿಜವೇ? — ವಿದ್ಯಾರ್ಥಿ, ವಿಜಯನಗರ

ಉತ್ತರ: ಸುಳ್ಳು. ಆಶ್ರಯಾರ್ಥಿಗೆ ದುಡಿಯುವ ಹಕ್ಕು ತಾನಾಗಿ ಬರುವುದಿಲ್ಲ. ತನ್ನ ತಪ್ಪಿಲ್ಲದೆ 12 ತಿಂಗಳು ಕಳೆದರೂ ಮೊದಲ ನಿರ್ಧಾರ ಬಾರದಿದ್ದರೆ ಮಾತ್ರ ಅನುಮತಿ ಕೇಳಬಹುದು, ಅದೂ ಸೀಮಿತ ಉದ್ಯೋಗಗಳಿಗೆ. ಇಲ್ಲದ ಭಯವನ್ನು ಇದೆಯೆಂದು ಹೇಳುವುದು ವಂಚನೆ, ಅಲ್ಲಿ ಅದು ಅಪರಾಧ. ಮೇಲಿನ ಇಬ್ಬರು ಓದುಗರ ಮಕ್ಕಳ ಮಾತನ್ನು ಅಧಿಕಾರಿಗಳು ಅನುಮಾನದಿಂದ ನೋಡಲು ಇಂಥ ಅರ್ಜಿಗಳೂ ಒಂದು ಕಾರಣ. ಆ ಏಜೆಂಟರ ಬಳಿ ಮತ್ತೆ ಹೋಗಬೇಡಿ.

ಪ್ರಶ್ನೆ: ಅಣ್ಣನ ವಿಚಾರಣೆ ಹತ್ತಿರ ಬಂದಿದೆ. ಹಲ್ಲೆಯನ್ನು ಕಣ್ಣಾರೆ ಕಂಡವಳು ನಾನು. ವಿಡಿಯೊ ಕರೆಯಲ್ಲಿ ಇಲ್ಲಿಂದಲೇ ಸಾಕ್ಷಿ ಹೇಳಬಹುದೇ? ಅಲ್ಲದೆ ಮುಂದಿನ ತಿಂಗಳು ನನ್ನ ಮದುವೆ. ಗುಟ್ಟಾಗಿ ನಾಲ್ಕು ದಿನ ಬಂದು ಹೋಗಲಿ ಎಂದು ಅಮ್ಮ ಅಳುತ್ತಿದ್ದಾರೆ. — ತಂಗಿ, ಬನಶಂಕರಿ

ಉತ್ತರ: ಎರಡನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ, ಏಕೆಂದರೆ ಅದರಲ್ಲಿ ತಿದ್ದಲಾಗದ ನಷ್ಟವಿದೆ. ಬ್ರಿಟನ್ನಿನೊಳಗಿದ್ದು ಸಲ್ಲಿಸಿದ ಮೇಲ್ಮನವಿ ಬಾಕಿ ಇರುವಾಗ ಆ ದೇಶ ಬಿಟ್ಟು ಹೊರಟರೆ, ಮೇಲ್ಮನವಿಯನ್ನು ಕೈಬಿಟ್ಟಂತೆ ಎಂದೇ ಕಾನೂನು ಪರಿಗಣಿಸುತ್ತದೆ. ನಾಲ್ಕು ದಿನವಾದರೂ ಅಷ್ಟೇ, ಒಂದು ದಿನವಾದರೂ ಅಷ್ಟೇ. ಜೀವಭಯವಿದೆ ಎಂದ ಊರಿಗೇ ಮದುವೆಗೆಂದು ಬಂದು ಹೋದವನ ಮಾತನ್ನು ಆಮೇಲೆ ಯಾರು ನಂಬುತ್ತಾರೆ? ಅವರ ಪಾಸ್‌ಪೋರ್ಟ್ ಹೋಮ್ ಆಫೀಸಿನ ವಶದಲ್ಲಿರುವ ಸಂಭವವೇ ಹೆಚ್ಚು. ಬೇರೆ ಪ್ರಯಾಣ ದಾಖಲೆ ಕೇಳಿ ಭಾರತೀಯ ಹೈಕಮಿಷನ್ನಿಗೆ ಹೋಗುವುದೂ ಅವರ ಪ್ರಕರಣಕ್ಕೆ ಪೆಟ್ಟು. ಅಮ್ಮನಿಗೆ ಇದನ್ನು ಹೇಳುವುದು ಕಷ್ಟ ಎಂದು ಬಲ್ಲೆ. ಆದರೂ ಹೇಳಲೇಬೇಕು, ಇಂದೇ.

ವಿಡಿಯೊ ಸಾಕ್ಷ್ಯವೂ ತಾವು ಎಣಿಸಿದಷ್ಟು ಸುಲಭವಲ್ಲ. ಬೇರೊಂದು ದೇಶದ ನೆಲದಲ್ಲಿ ಕೂತು ಬಾಯಿಮಾತಿನ ಸಾಕ್ಷ್ಯ ಕೊಡುವುದಕ್ಕೆ ಆ ದೇಶದ ಆಕ್ಷೇಪವಿಲ್ಲ ಎಂಬುದು ಮೊದಲೇ ಖಚಿತವಾಗಿರಬೇಕು ಎಂದು ಅಪ್ಪರ್ ಟ್ರಿಬ್ಯೂನಲ್ 2021ರ ಅಗ್ಬಬಿಯಾಕಾ ತೀರ್ಪಿನಲ್ಲಿ ಹೇಳಿದೆ. ಅದಕ್ಕೆ ಬ್ರಿಟನ್ನಿನ ವಿದೇಶಾಂಗ ಇಲಾಖೆಯ ಸಾಕ್ಷ್ಯ ಸಂಗ್ರಹ ಘಟಕದ ಮೂಲಕ ಹೋಗಬೇಕು. ವಕೀಲರು ನ್ಯಾಯಮಂಡಳಿಗೆ ಮುಂಚೆಯೇ ತಿಳಿಸಿರಬೇಕು. ವಿಚಾರಣೆಯ ಬೆಳಿಗ್ಗೆ ವಾಟ್ಸ್‌ಆ್ಯಪ್ ಕರೆ ಮಾಡಿ ಸೇರಿಕೊಳ್ಳುವ ಪದ್ಧತಿ ಇಲ್ಲ.

ಆದರೆ ಲಿಖಿತ ಹೇಳಿಕೆಗೆ ಈ ಅನುಮತಿ ಬೇಕಿಲ್ಲ. ಅದನ್ನು ಈ ವಾರವೇ ಬರೆಯಿರಿ. ಇ-ಸ್ಟಾಂಪ್ ಕಾಗದ, ನೋಟರಿಯ ಕೆಂಪು ಮೊಹರು ಇದ್ದ ಮಾತ್ರಕ್ಕೆ ಅದರ ತೂಕ ಹೆಚ್ಚುವುದಿಲ್ಲ; ಬರೆದದ್ದೆಲ್ಲ ನನ್ನ ತಿಳಿವಳಿಕೆಗೆ ನಿಜ ಎಂಬ ಸಾಲು, ಸಹಿ, ದಿನಾಂಕ, ಗುರುತಿನ ಚೀಟಿಯ ಪ್ರತಿ ಇರಲಿ. ಕಂಡದ್ದನ್ನು ಮಾತ್ರ ಬರೆಯಿರಿ. ಆ ದಿನ ತಾವು ಮನೆಯ ಯಾವ ಕಡೆ ನಿಂತಿದ್ದಿರಿ, ಎಷ್ಟು ಜನ ಬಂದರು, ಅವರಲ್ಲಿ ಯಾರ ಮುಖ ಗುರುತು ಸಿಕ್ಕಿತು, ಯಾವ ಮಾತು ಕಿವಿಗೆ ಬಿತ್ತು, ಆ ಮಾತು ಕನ್ನಡದಲ್ಲಿ ಹೇಗಿತ್ತೋ ಹಾಗೆಯೇ. ಆಮೇಲೆ ಅಣ್ಣ ಫೋನಿನಲ್ಲಿ ಹೇಳಿದ್ದನ್ನು ತಾವು ಕಂಡಂತೆ ಬರೆಯಬೇಡಿ. ‘ಅಣ್ಣ ಹೇಳಿದ್ದು’ ಎಂದು ಬೇರೆಯಾಗಿ ಬರೆಯಿರಿ. ಅವರ ಹೇಳಿಕೆಯನ್ನು ಓದಿ ಅದಕ್ಕೆ ಹೊಂದಿಸಲು ಹೋಗಬೇಡಿ. ಅವರು ಐದು ಜನ ಎಂದು, ತಾವು ನಾಲ್ಕು ಜನ ಎಂದು ಬರೆದರೆ ಅದಕ್ಕೆ ವಿವರಣೆ ಇರಬಹುದು. ಇಬ್ಬರ ವಾಕ್ಯಗಳೂ ಪದಕ್ಕೆ ಪದ ಒಂದೇ ಆಗಿದ್ದರೆ ಅದಕ್ಕೆ ಯಾವ ವಿವರಣೆಯೂ ಸಾಲದು. ಬರೆದು ಮುಗಿಸಿದ ಮೇಲೆ ಕನ್ನಡದ ಮೂಲವನ್ನೂ ಅನುವಾದವನ್ನೂ ಒಟ್ಟಿಗೆ ಅಣ್ಣನ ವಕೀಲರಿಗೇ ಕಳುಹಿಸಿ, ತಲುಪಿದ್ದಕ್ಕೆ ಅವರಿಂದ ಉತ್ತರ ಬರುವವರೆಗೆ ವಿಚಾರಿಸುತ್ತಿರಿ.